ಎಂಜಿನ್ ಸೋಲುತ್ತದಾ, ಚಕ್ರ ಸುತ್ತುತ್ತದಾ? ಗೇರ್ ಮತ್ತು ಲಾಕರ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬಂದಡ್ಕದ ಹತ್ತಿರ ನಮ್ಮ ಅಡಿಕೆ, ರಬ್ಬರ್ ತೋಟ ಇದೆ. ಜೀಪು ಮಹೀಂದ್ರದ ಹಳೇ ಡಿಐ (ಡೀಸೆಲ್), ನಾಲ್ಕು ಗೇರಿನದ್ದು, ಫೋರ್ ವೀಲ್ ಡ್ರೈವ್. ಮೊದಲು 235/75 ಆರ್15 ಟೈರು ಇತ್ತು, ಹೋದ ವರ್ಷ 31 ಇಂಚಿನ ಮಡ್ ಟೈರು ಹಾಕಿಸಿದೆ. ಆಮೇಲೆ ಎಳೆತ ಕಡಿಮೆ ಆಗಿದೆ. ಮಳೆಗಾಲದಲ್ಲಿ ತೋಟದ ಚಡವು ಹತ್ತದೆ ನಿಂತುಬಿಡುತ್ತದೆ. ಹಿಂದಿನ ಆಕ್ಸಲ್‌ನ ಗೇರ್ ಇರುವ ಹೌಸಿಂಗ್ ಬಿಚ್ಚಿದಾಗ ಮೆಕ್ಯಾನಿಕ್ ಹಲ್ಲು ಎಣಿಸಿದರು. ಕ್ರೌನ್ ಅನ್ನುವ ದೊಡ್ಡ ಗೇರಿನಲ್ಲಿ 39, ಅದನ್ನು ತಿರುಗಿಸುವ ಸಣ್ಣ ಪಿನಿಯನ್‌ನಲ್ಲಿ 8. ಒಬ್ಬರು 5.38 ಗೇರ್ ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಹಿಂದೆ ಮುಂದೆ ಎರಡಕ್ಕೂ ಎಡ ಬಲ ಚಕ್ರ ಒಟ್ಟಿಗೆ ತಿರುಗಿಸುವ ಲಾಕರ್ ಬೇಕು ಅನ್ನುತ್ತಾರೆ, ಮತ್ತೊಬ್ಬರು ಆಕ್ಸಲ್ ನಡುವಿನ ಸಣ್ಣ ಗೇರ್‌ಗಳನ್ನು, ಅಂದರೆ ಸ್ಟಾರ್ ಪಿನಿಯನ್, ವೆಲ್ಡ್ ಮಾಡಿಸಿದರೆ ಖರ್ಚೇ ಇಲ್ಲ ಅನ್ನುತ್ತಾರೆ. ಯಾವುದು ಮಾಡಿಸಲಿ? ಊರಿನ ಗ್ಯಾರೇಜಿನಲ್ಲೇ ಆಗುತ್ತದಾ? ಕೆಎಲ್ 14 (ಕಾಸರಗೋಡು ನೋಂದಣಿ) ಗಾಡಿ, ಆರ್‌ಟಿಒ ತಕರಾರು ಬರಬಹುದಾ? ಈ ಮಳೆಗಾಲಕ್ಕೆ ಮೊದಲು ಮುಗಿಸಬೇಕು ಅಂತ ಇದೆ.

ಉತ್ತರ: ಮೂರನೆಯವರ ಮಾತು ಈಗಲೇ ಬಿಟ್ಟುಬಿಡಿ ಮಾರಾಯ್ರೇ. ಡಿಫ್ರೆನ್ಷಿಯಲ್ ಅಂದರೆ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಅದನ್ನು ವೆಲ್ಡ್ ಮಾಡಿದರೆ ತೋಟದೊಳಗೇ ಇರುವ ಗಾಡಿಗೆ ಹೇಗೋ ನಡೆಯುತ್ತದೆ. ನಿಮ್ಮದು ಪೇಟೆಗೂ ಹೋಗುವ ಜೀಪು. ಟಾರು ರಸ್ತೆಯ ಪ್ರತಿ ತಿರುವಿನಲ್ಲೂ ಒಳಗಿನ ಚಕ್ರ, ಹೊರಗಿನ ಚಕ್ರ ಬೇರೆ ಬೇರೆ ದೂರ ಓಡಬೇಕು. ವೆಲ್ಡ್ ಆದ ಮೇಲೆ ಅದು ಆಗುವುದಿಲ್ಲ. ಟೈರು ಉಜ್ಜುತ್ತದೆ, ಆಕ್ಸಲ್ ಶಾಫ್ಟ್ ತಿರುಚಿಕೊಳ್ಳುತ್ತದೆ, ಮಳೆಯಲ್ಲಿ ಘಾಟಿಯ ತಿರುವಿಗೆ ಹೋದರೆ ಹಿಂಭಾಗ ಎತ್ತ ಜಾರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ವೆಲ್ಡಿನ ಒಂದು ತುಂಡು ಒಡೆದು ಕ್ರೌನಿನ ಹಲ್ಲಿಗೆ ಸಿಕ್ಕಿದರೆ ಹೌಸಿಂಗ್ ಸಮೇತ ಹೋಗುತ್ತದೆ. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಆಗ ಕೊಡಬೇಕು.

ಉಳಿದದ್ದು ಗೇರ್ ಮತ್ತು ಲಾಕರ್. ಇವೆರಡು ಬೇರೆ ಬೇರೆ ಕಾಯಿಲೆಯ ಮದ್ದು. ನೀವು ಬರೆದ ಎರಡು ವಾಕ್ಯಗಳಲ್ಲಿ ಎರಡೂ ಕಾಯಿಲೆ ಕಾಣುತ್ತದೆ, ಆದರೆ ಅವು ಒಂದೇ ಅಂತ ನೀವು ತಿಳಿದಿರುವ ಹಾಗಿದೆ. "ಎಳೆತ ಕಡಿಮೆ" ಒಂದು ಮಾತು, "ಚಡವಿನಲ್ಲಿ ನಿಂತುಬಿಡುತ್ತದೆ" ಇನ್ನೊಂದು. ಹಾಗಾಗಿ ಮುಂದಿನ ಸಲ ನಿಂತಾಗ ಸುಮ್ನೆ ಒಬ್ಬರನ್ನು ಹೊರಗೆ ನಿಲ್ಲಿಸಿ ನೋಡಿಸಿ. ಫೋರ್ ವೀಲಿನ ಲೋ ಗೇರ್ ಹಾಕಿ, ಫಸ್ಟಿನಲ್ಲಿ ಹತ್ತಿಸುವಾಗ ಎಂಜಿನ್ ಗುರ್ ಅಂದು ಸೋತು ಆಫ್ ಆಗುತ್ತದಾ, ಅಲ್ಲ ಎಂಜಿನ್ ಆರಾಮವಾಗಿದ್ದು ಚಕ್ರ ಮಾತ್ರ ನಿಂತಲ್ಲೇ ಸುತ್ತುತ್ತದಾ? ಸುತ್ತಿದರೆ ಯಾವ ಚಕ್ರ? ಹಿಂದಿನ ಎಡ, ಮುಂದಿನ ಬಲ, ಹೀಗೆ ಅಡ್ಡಡ್ಡ ಮೂಲೆಯ ಎರಡೇ ಚಕ್ರ ಸುತ್ತಿ, ಉಳಿದೆರಡು ಕಲ್ಲಿನಂತೆ ನಿಂತಿದ್ದರೆ ಗೇರ್ ಬದಲಿಸಿ ಒಂದಿಂಚು ಮುಂದೆ ಹೋಗುವುದಿಲ್ಲ. ಆ ಸುತ್ತುವ ಚಕ್ರ ಇನ್ನಷ್ಟು ಜೋರಿನಲ್ಲಿ ಮಣ್ಣು ಕೊರೆಯುತ್ತದೆ, ಅಷ್ಟೇ.

ಲೆಕ್ಕ ನೋಡಿ. 39ನ್ನು 8ರಿಂದ ಭಾಗಿಸಿದರೆ 4.88, ಅಂದರೆ ಚಕ್ರ ಒಂದು ಸುತ್ತು ಸುತ್ತಲು ಪಿನಿಯನ್ ಅಷ್ಟು ಸುತ್ತಬೇಕು. ಈ ಸಂಖ್ಯೆ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ. ಇದು ಜೀಪಿನ ಲೋಕದಲ್ಲಿ ಹಳೇ ಪರಿಚಯದ ಸಂಖ್ಯೆ, ಯುದ್ಧಕಾಲದ ವಿಲ್ಲಿಸ್ ಎಂಬಿಯಲ್ಲಿ ಇದ್ದದ್ದು ಇದೇ. 5.38 ಅಂದರೆ 43 ಹಲ್ಲಿನ ಕ್ರೌನು, 8 ಹಲ್ಲಿನ ಪಿನಿಯನ್. ನಿಮ್ಮ ಮೊದಲಿನ ಟೈರಿನ ಎತ್ತರ ಸುಮಾರು 733 ಮಿಲಿಮೀಟರ್. 31 ಇಂಚು ಅಂದರೆ 787. ಎತ್ತರ ಶೇಕಡಾ 7ರಷ್ಟು ಜಾಸ್ತಿ ಆಯಿತು, ಅಷ್ಟೇ ಎಳೆತ ಹೋಯಿತು. ಈಗ ನಿಮ್ಮ ಜೀಪು ಹಳೇ ಟೈರಿನಲ್ಲಿ 4.54 ಗೇರ್ ಇದ್ದರೆ ಹೇಗೋ ಹಾಗೆ ಓಡುತ್ತಿದೆ. ಹಿಂದಿನ ಸ್ಥಿತಿಗೆ ಬರಲು 4.88ನ್ನು 787ರಿಂದ ಗುಣಿಸಿ 733ರಿಂದ ಭಾಗಿಸಿ, 5.24 ಬರುತ್ತದೆ. ಅದಕ್ಕೆ ಹತ್ತಿರ ಸಿಗುವ ಸೆಟ್ 5.38. ಅದನ್ನು ಹಾಕಿದರೆ ಮೊದಲಿಗಿಂತ ಒಂದು ಚೂರು ಜಾಸ್ತಿಯೇ ಎಳೆತ ಸಿಗುತ್ತದೆ. ಮೊದಲನೆಯವರು ಹೇಳಿದ ಸಂಖ್ಯೆ ಸರಿ.

ಆದರೆ ಲೋ ಗೇರ್ ಹಾಕಿದ ಕೂಡಲೇ ನಿಮಗೆ ಸುಮಾರು ಎರಡೂವರೆ ಪಟ್ಟು ಎಳೆತ ಸಿಗುತ್ತಿದೆ. 4.88ರಿಂದ 5.38ಕ್ಕೆ ಹೋದರೆ ಸಿಗುವುದು ಅದರ ಮೇಲೆ ಶೇಕಡಾ 10. ಲೋ ಫಸ್ಟಿನಲ್ಲೂ ಎಂಜಿನ್ ಸೋಲುತ್ತದೆ ಅಂತಾದರೆ ಟೈರಿನ 7 ಶೇಕಡಾದಿಂದ ಮಾತ್ರ ಆದದ್ದಲ್ಲ ಅದು. ಕ್ಲಚ್ ಪ್ಲೇಟ್ ಸವೆದಿರಬಹುದು, ಡೀಸೆಲ್ ಪಂಪು, ನಾಝಲ್ ನೋಡಿಸಬೇಕು, ಏರ್ ಫಿಲ್ಟರಿನಲ್ಲಿ ಮುರಕಲ್ಲಿನ ಕೆಂಪು ಧೂಳು ತುಂಬಿರಬಹುದು, ಒಂದು ಬ್ರೇಕ್ ಹಿಡಿದುಕೊಂಡೇ ಇರಬಹುದು. ಇಷ್ಟು ಪರೀಕ್ಷೆ ಮಾಡಿಸದೆ ಕ್ರೌನ್ ಪಿನಿಯನ್ ಸೆಟ್‌ಗೆ ಅಡ್ವಾನ್ಸ್ ಕೊಡಬೇಡಿ. ಗೇರ್ ಬದಲಾವಣೆಯ ನಿಜವಾದ ಲಾಭ ಗೊತ್ತಾಗುವುದು ಲೋ ಹಾಕದೆ ಹೈನಲ್ಲಿ ಓಡಿಸುವಾಗ, ರಸ್ತೆಯ ಮೇಲೆ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲದ ಕಡೆ ಹತ್ತುವಾಗ ಈಗ ಸೆಕೆಂಡಿಗೆ ಇಳಿಸುವ ಕಡೆ ಥರ್ಡಿನಲ್ಲೇ ಹೋಗಬಹುದು, ಲೋಡು ಹಾಕಿ ಹೊರಡುವಾಗ ಕ್ಲಚ್ ಸುಡುವ ವಾಸನೆ ಕಡಿಮೆಯಾಗುತ್ತದೆ, ಅಂಥದ್ದು.

ಇದಕ್ಕೆ ಬೆಲೆಯೂ ಇದೆ. ನಾಲ್ಕನೇ ಗೇರ್ ನೇರ, ಅಂದರೆ 1:1 ಅಂತ ಇಟ್ಟುಕೊಂಡರೆ, ಈಗಿನ ಟೈರಿನಲ್ಲಿ 80 ಕಿಲೋಮೀಟರ್ ವೇಗಕ್ಕೆ 4.88ರಲ್ಲಿ ಎಂಜಿನ್ ಸುಮಾರು 2700 ಸುತ್ತು ಸುತ್ತುತ್ತದೆ, 5.38ರಲ್ಲಿ ಸುಮಾರು 3000. ಹಳೇ ಡಿಐ ಎಂಜಿನ್‌ಗೆ ಅದು ಸುಖದ ಜಾಗ ಅಲ್ಲ. ವಾರಕ್ಕೆ ಎರಡು ಸಲ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗುವವರಾದರೆ ಕಿವಿಗೂ ಕಷ್ಟ, ಡೀಸೆಲಿಗೂ ಕಷ್ಟ. ತೋಟ, ಮುಳ್ಳೇರಿಯ, ಸುಳ್ಯ, ಇಷ್ಟೇ ಓಡಾಟ ಅಂತಾದರೆ ಏನೂ ತೊಂದರೆ ಇಲ್ಲ. ಸ್ಪೀಡೋಮೀಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ಅಂದರೆ ಎಂಜಿನ್ ಬಲವನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆಯಿಂದ, ಹಾಗಾಗಿ ಟೈರು ಬದಲಾದಾಗಿನಿಂದ ಅದು ನಿಮಗೆ ಶೇಕಡಾ 7 ಕಡಿಮೆ ವೇಗ ತೋರಿಸುತ್ತಿದೆ. 5.38 ಹಾಕಿದ ಮೇಲೆ 3 ಶೇಕಡಾದಷ್ಟು ಜಾಸ್ತಿ ತೋರಿಸುತ್ತದೆ. ಅದು ಪರವಾಗಿಲ್ಲ.

ಒಂದು ಮಾತು ದಪ್ಪಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ: ಗೇರ್ ಬದಲಿಸುವುದಾದರೆ ಮುಂದಿನದ್ದು ಹಿಂದಿನದ್ದು ಎರಡೂ ಬದಲಿಸಬೇಕು. "ಹಿಂದೆ ಮಾತ್ರ ಈಗ ಹಾಕುವಾ, ಮುಂದಿನದ್ದು ಮುಂದಿನ ವರ್ಷ ನೋಡುವಾ" ಅಂತ ಹೇಳುವವರಿದ್ದಾರೆ. ಹಾಗೆ ಮಾಡಿದರೆ ಆ ವರ್ಷವಿಡೀ ಫೋರ್ ವೀಲ್ ಹಾಕುವ ಹಾಗಿಲ್ಲ. ಹಾಕಿದರೆ ಆಕ್ಸಲ್‌ಗೆ ಬಲ ಒಯ್ಯುವ ಎರಡು ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತಾ ಎರಡು ಆಕ್ಸಲ್‌ಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಲು ನೋಡುತ್ತವೆ. ಟಾರಿನ ಮೇಲೆ ಆದರೆ ಸ್ವಲ್ಪ ದೂರದಲ್ಲೇ ಟ್ರಾನ್ಸ್‌ಫರ್ ಕೇಸೋ ಶಾಫ್ಟಿನ ಕೀಲಾದ ಕ್ರಾಸೋ ಯಾವುದೋ ಒಂದು ಹೋಗುತ್ತದೆ. ಮುಂದಿನ ಹೌಸಿಂಗ್‌ನ ಹಲ್ಲು ಎಣಿಸಿದ್ದೀರಾ? ಹಳೇ ಜೀಪುಗಳಲ್ಲಿ ಯಾರ್ಯಾರೋ ಯಾವ್ಯಾವುದೋ ಹೌಸಿಂಗ್ ತಂದು ಹಾಕಿರುತ್ತಾರೆ, ನಂಬಲಿಕ್ಕಾಗುವುದಿಲ್ಲ. ಒಂದು ಬದಿಯ ಚಕ್ರ ಎತ್ತಿ, ಇನ್ನೊಂದನ್ನು ನೆಲಕ್ಕೆ ಬಿಟ್ಟು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಿದರೆ ಅನುಪಾತ ಗೊತ್ತಾಗುತ್ತದೆ. ಮುಂದಿನದ್ದನ್ನು ನೋಡುವಾಗ ಚಕ್ರವನ್ನು ಶಾಫ್ಟಿಗೆ ಜೋಡಿಸುವ ಹಬ್ ಲಾಕ್ ಇದ್ದರೆ ಅದನ್ನು ಹಾಕಿಕೊಳ್ಳಿ, ಗೇರ್ ನ್ಯೂಟ್ರಲ್ ಮಾಡಿ, ಉಳಿದ ಚಕ್ರಕ್ಕೆ ಕಲ್ಲು ಇಡಿ.

ಈಗ ಲಾಕರ್. ನಿಮ್ಮ ಕಥೆ ಕೇಳಿದರೆ ನನಗೆ ಅನಿಸುವುದು, ತೋಟದ ಚಡವಿನ ಸಮಸ್ಯೆ ಹತ್ತಕ್ಕೆ ಒಂಬತ್ತು ಪಾಲು ಇದೇ. ಸಾದಾ ಡಿಫ್ರೆನ್ಷಿಯಲ್ ಎರಡು ಬದಿಗೂ ಒಂದೇ ಸಮ ಬಲ ಕೊಡುತ್ತದೆ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಒಂದು ಚಕ್ರ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಇದ್ದು ಅದಕ್ಕೆ ಹಿಡಿತವೇ ಇಲ್ಲ ಅಂದರೆ, ಅದು ಜಾರಲಿಕ್ಕೆ ಎಷ್ಟು ಬಲ ಸಾಕೋ ಅಷ್ಟೇ ಇನ್ನೊಂದು ಚಕ್ರಕ್ಕೂ ಸಿಗುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ. ಫೋರ್ ವೀಲ್ ಹಾಕಿದರೂ ಮುಂದೆ ಒಂದು, ಹಿಂದೆ ಒಂದು, ಹೀಗೆ ಎರಡೇ ಚಕ್ರದ ಗಾಡಿ ನಿಮ್ಮದು. ಮಳೆನೀರು ಕೊರೆದ ದಾರಿಯಲ್ಲಿ ಹೋಗುವಾಗ ಅಡ್ಡಡ್ಡ ಮೂಲೆಯ ಎರಡು ಚಕ್ರ ಹಗುರ ಆಗುತ್ತವೆ, ಅಲ್ಲಿಗೆ ಮುಗಿಯಿತು. ಲಾಕರ್ ಮಾಡುವ ಕೆಲಸ ಎಡ ಬಲ ಶಾಫ್ಟನ್ನು ಒಂದೇ ಶಾಫ್ಟ್ ಮಾಡುವುದು. ಗಟ್ಟಿ ನೆಲದ ಚಕ್ರಕ್ಕೆ ಬೇಕಾದಷ್ಟು ಬಲ ಹೋಗುತ್ತದೆ.

ದುಡ್ಡು ಹಾಕುವ ಮೊದಲು ಖರ್ಚಿಲ್ಲದ ಒಂದು ಪ್ರಯೋಗ ಮಾಡಿ. ತೋಟದ ಬುಡಕ್ಕೆ ಬಂದು ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ ಅದೇ ಚಡವು ಹತ್ತಿಸಿ. ಹೆಚ್ಚಿನವರು 30ರ ಮೇಲೆ ಗಾಳಿ ತುಂಬಿಸಿಕೊಂಡು ಕೆಸರಿಗೆ ಇಳಿಯುತ್ತಾರೆ, ಮಡ್ ಟೈರು ಹಾಕಿದ್ದೇ ವ್ಯರ್ಥ. ಇಳಿಸಿದ ಮೇಲೆ ನಿಧಾನ ಹೋಗಿ, ಟಾರಿಗೆ ಬರುವ ಮೊದಲು ಮತ್ತೆ ತುಂಬಿಸಿ. ಇಷ್ಟರಲ್ಲೇ ಹತ್ತಿದರೆ ಒಂದು ಸಣ್ಣ 12 ವೋಲ್ಟಿನ ಕಂಪ್ರೆಸರ್ ತೆಗೆದುಕೊಂಡು ಸುಮ್ಮನಿರಿ, ನನಗೆ ಬೇಜಾರಿಲ್ಲ.

ಹತ್ತದಿದ್ದರೆ ಲಾಕರ್ ಆರಿಸುವ ಮಾತು. ಸ್ವಿಚ್ ಒತ್ತಿದಾಗ ಮಾತ್ರ ಲಾಕ್ ಆಗುವಂಥದ್ದು ಒಂದು ಬಗೆ. ಎಆರ್‌ಬಿ ಕಂಪನಿಯವರದ್ದು ಗಾಳಿಯಲ್ಲಿ ಕೆಲಸ ಮಾಡುತ್ತದೆ, ಈಟನ್‌ನವರ ಇ-ಲಾಕರ್ ಕರೆಂಟಿನಲ್ಲಿ. ಫೋರ್ಸ್ ಗೂರ್ಖಾದಲ್ಲಿ ಕಂಪನಿಯಿಂದಲೇ ಹಿಂದೆ ಮುಂದೆ ಎರಡಕ್ಕೂ ಚಾಲಕನೇ ಹಾಕುವ ಲಾಕ್ ಬರುತ್ತದೆ. ಎರಡನೇ ಬಗೆ ತಾನಾಗಿಯೇ ಲಾಕ್ ಆಗುವಂಥದ್ದು. ಥಾರಿನಲ್ಲಿ ಬರುವ ಈಟನ್ ಮೆಕ್ಯಾನಿಕಲ್ ಲಾಕರ್ ಈ ಜಾತಿಯದ್ದು. ಎಡ ಬಲ ಚಕ್ರದ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಟಕ್ ಅಂತ ಲಾಕ್ ಆಗುತ್ತದೆ, ಅದೂ ಕಡಿಮೆ ವೇಗದಲ್ಲಿ ಮಾತ್ರ. ಡೆಟ್ರಾಯಿಟ್ ಲಾಕರ್ ಇದಕ್ಕೆ ಉಲ್ಟಾ, ಯಾವಾಗಲೂ ಲಾಕ್ ಆಗಿಯೇ ಇದ್ದು ತಿರುವಿನಲ್ಲಿ ಹೊರಗಿನ ಚಕ್ರವನ್ನು ಬಿಡುತ್ತದೆ. ಅದೇ ತತ್ವದ ಅಗ್ಗದ ರೂಪ ಲಂಚ್‌ಬಾಕ್ಸ್ ಲಾಕರ್. ಸ್ಟಾರ್ ಪಿನಿಯನ್, ಸನ್ ಗೇರ್ ತೆಗೆದು ಅದೇ ಜಾಗದಲ್ಲಿ ಕೂರಿಸುವುದು. ಕ್ರೌನಿನ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ ಅನ್ನುವುದು ಅದರ ದೊಡ್ಡ ಗುಣ. ಎಲ್‌ಎಸ್‌ಡಿ, ಅಂದರೆ ಲಿಮಿಟೆಡ್ ಸ್ಲಿಪ್ ಡಿಫ್ರೆನ್ಷಿಯಲ್, ಅಂತ ಇನ್ನೊಂದಿದೆ, ಒಳಗೆ ಸಾಮಾನ್ಯವಾಗಿ ಕ್ಲಚ್ ಪ್ಲೇಟುಗಳಿರುತ್ತವೆ, ರಸ್ತೆಗೆ ಒಳ್ಳೆಯದು, ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಅದು ಹೆಚ್ಚೇನೂ ಮಾಡುವುದಿಲ್ಲ.

ನಿಮ್ಮ ಜಾಗಕ್ಕೆ ಹಿಂದಿನ ಆಕ್ಸಲ್‌ಗೆ ಒಂದು ಸ್ವಿಚ್ಚಿನ ಲಾಕರ್, ಮುಂದೆ ಸಾದಾ, ಇದು ನನ್ನ ಅಭಿಪ್ರಾಯ. ಕಾರಣ ನಿಮ್ಮ ಮಳೆ ಮತ್ತು ನಿಮ್ಮ ದಾರಿ. ಗುಡ್ಡೆ ಕಡಿದು ಮಾಡಿದ ತೋಟದ ದಾರಿ ಹೆಚ್ಚಾಗಿ ಒಂದು ಬದಿಗೆ ವಾಲಿರುತ್ತದೆ, ಕೆಳಗಡೆ ಅಡಿಕೆ ಮರ, ಅದರ ಕೆಳಗೆ ತೋಡು. ಅಂಥ ಜಾಗದಲ್ಲಿ ಹಿಂದಿನ ಎರಡೂ ಚಕ್ರ ಒಟ್ಟಿಗೆ ಸುತ್ತಿದರೆ ಗಾಡಿಯ ಹಿಂಭಾಗ ಇಳಿಜಾರಿನ ಕಡೆಗೆ ಸರಿಯುತ್ತದೆ. ಸಾದಾ ಡಿಫ್ರೆನ್ಷಿಯಲ್ ಇದ್ದಾಗ ಒಂದು ಚಕ್ರ ಸುತ್ತಿದರೂ ಇನ್ನೊಂದು ನಿಂತು ಗಾಡಿಯನ್ನು ಹಿಡಿದಿಡುತ್ತದೆ, ಲಾಕ್ ಆದಾಗ ಹಿಡಿಯುವವರೇ ಇಲ್ಲ. ಅಲ್ಲಿ ಲಾಕರ್ ಆಫ್ ಇರಬೇಕು. ತಾನಾಗಿ ಲಾಕ್ ಆಗುವಂಥದ್ದು ನಿಮ್ಮನ್ನು ಕೇಳುವುದಿಲ್ಲ. ಉದ್ದ ಕಡಿಮೆ ಇರುವ ಹಳೇ ಜೀಪಿನಲ್ಲಿ ಮಳೆ ಬಿದ್ದ ಟಾರಿನ ಮೇಲೆ ಅದು ಇನ್ನೊಂದು ತಮಾಷೆ ಮಾಡುತ್ತದೆ. ತಿರುವಿನಲ್ಲಿ ಕಟಕಟ ಶಬ್ದ, ಒಮ್ಮೆ ಬಿಟ್ಟು ಒಮ್ಮೆ ಹಿಡಿದು ಸ್ಟೇರಿಂಗ್ ಎಳೆಯುವುದು. ಅಭ್ಯಾಸ ಇದ್ದವರು ಓಡಿಸುತ್ತಾರೆ. ಮನೆಯಲ್ಲಿ ನಾಲ್ಕು ಜನ ಓಡಿಸುವ ಗಾಡಿಗೆ ಬೇಡ.

ಮುಂದೆ ಲಾಕರ್ ಹಾಕಿದರೆ ಗಾಡಿ ಹತ್ತುತ್ತದೆ, ಅನುಮಾನ ಇಲ್ಲ. ಆದರೆ ಲಾಕ್ ಆಗಿರುವಾಗ ಸ್ಟೇರಿಂಗ್ ತಿರುಗಿಸುವುದೇ ಕಷ್ಟ, ಬಲವಂತವಾಗಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಶಾಫ್ಟಿನ ಕ್ರಾಸ್ ಒಡೆಯುತ್ತದೆ. ಸ್ಪರ್ಧೆಗೆ ಹೋಗುವವರಿಗೆ ಅದು ಬೇಕು. ಅಡಿಕೆ ಗೋಣಿ ಇಳಿಸುವವರಿಗೆ ಯಾಕೆ?

ಕೊಳ್ಳುವ ಮೊದಲು ಅಳತೆ. "ಮಹೀಂದ್ರ ಜೀಪಿಗೆ ಆಗುತ್ತದೆ" ಅನ್ನುವ ಮಾತಿನ ಮೇಲೆ ಲಾಕರ್ ತರಿಸಬೇಡಿ. ಆಕ್ಸಲ್ ಶಾಫ್ಟಿನ ತುದಿಯ ಸ್ಪ್ಲೈನ್ (ಉದ್ದುದ್ದದ ಹಲ್ಲು) ಎಣಿಸಿ, ಡಾನಾ 44 ಅನ್ನುವ ಒಂದೇ ಹೆಸರಿನ ಆಕ್ಸಲ್‌ನಲ್ಲೇ 10, 19, 30 ಹೀಗೆ ಬೇರೆ ಬೇರೆ ಬಂದಿವೆ. ಕ್ರೌನಿನ ಬೋಲ್ಟು ಎಷ್ಟು, ಅದರ ದಪ್ಪ ಎಷ್ಟು, ಬದಿಯ ಬೇರಿಂಗಿನ ನಂಬರ್ ಏನು, ಬರೆದುಕೊಳ್ಳಿ. ಕ್ರೌನು ಕೂರುವ ಕೇಸು ಕೂಡ ಅನುಪಾತ ನೋಡಿ ಬದಲಾಗುತ್ತದೆ. ಡಾನಾ 44ರಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು ಕೇಸು, 3.92 ಮತ್ತು ಮೇಲಿನದ್ದಕ್ಕೆ ಇನ್ನೊಂದು. ನಿಮ್ಮ 4.88, 5.38 ಎರಡೂ ಒಂದೇ ಕಡೆ ಬರುವುದರಿಂದ ಆ ತಲೆನೋವು ಇಲ್ಲ. ಹಿಂದಿನ ಹಬ್ಬು ಶಾಫ್ಟಿನ ಟೇಪರ್ ಮೇಲೆ ಕೀ ಹಾಕಿ ನಟ್ಟಿನಿಂದ ಬಿಗಿದ ಹಳೇ ನಮೂನೆಯದ್ದಾದರೆ, ಎರಡು ಶಾಫ್ಟುಗಳ ತುದಿ ತಾಗುವಲ್ಲಿ ಮಧ್ಯೆ ಒಂದು ಸಣ್ಣ ಬ್ಲಾಕ್ ಇರುತ್ತದೆ. ಆ ಬ್ಲಾಕಿಗೆ ಜಾಗ ಇರುವ ಲಾಕರೇ ಬೇಕು, ಇಲ್ಲದಿದ್ದರೆ ಶಾಫ್ಟಿನ ಆಟ ನಿಲ್ಲಿಸಲು ಬೇರೆ ದಾರಿ ಇಲ್ಲ. ಟೇಪರ್ ಹಬ್ಬಿನ ಕೀ ಲಾಕರಿನ ಬಲಕ್ಕೆ ಕತ್ತರಿಸಿ ಹೋಗುವುದೂ ಇದೆ. ಒಂದೇ ತುಂಡಿನ ಶಾಫ್ಟ್ ಸಿಗುವುದಾದರೆ ಅದೇ ಸಮಯದಲ್ಲಿ ಬದಲಿಸಿ. ಆಮದಿನ ಮಾಲಾದರೆ ದರ ಕೇಳುವಾಗ ಕಸ್ಟಮ್ಸ್, ಜಿಎಸ್‌ಟಿ ಸೇರಿ ಎಷ್ಟು ಅಂತ ಕೇಳಿ.

ಸೆಕೆಂಡ್ ಹ್ಯಾಂಡ್ ಕ್ರೌನ್ ಪಿನಿಯನ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಎರಡರ ಮೇಲೂ ಕೊರೆದ ಸೆಟ್ ನಂಬರ್ ಒಂದೇ ಇದೆಯಾ ನೋಡಿ. ಇವೆರಡನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದರೆ ಯಾವ ಮೇಸ್ತ್ರಿಯೂ ಅದನ್ನು ಸುಮ್ಮನಾಗಿಸಲಾರ.

ಊರಿನ ಗ್ಯಾರೇಜಿನಲ್ಲಿ ಆಗುತ್ತದಾ ಅಂತ ಕೇಳಿದಿರಿ. ಆಗುತ್ತದೆ, ಒಂದು ಪ್ರಶ್ನೆಗೆ ಹೌದು ಅನ್ನುವ ಗ್ಯಾರೇಜು ಆಗಿದ್ದರೆ: ಡಯಲ್ ಗೇಜ್, ಅಂದರೆ ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ, ಇದೆಯಾ? "ಕೈಯಲ್ಲಿ ಹಿಡಿದು ನೋಡಿದರೆ ನನಗೆ ಗೊತ್ತಾಗುತ್ತದೆ" ಅನ್ನುವ ಉತ್ತರ ಬಂದರೆ ನಮಸ್ಕಾರ ಹೇಳಿ ಬನ್ನಿ. ಅವರು ಎಷ್ಟೇ ಅನುಭವಿಯಾಗಿರಲಿ, ಇಲ್ಲಿ ಆಟ ನಡೆಯುವುದು ಮಿಲಿಮೀಟರಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ.

ಆ ಕೆಲಸ ಏನು ಅಂತ ನಿಮಗೂ ಗೊತ್ತಿರಲಿ, ಪಕ್ಕದಲ್ಲಿ ನಿಂತು ನೋಡಲಿಕ್ಕಾದರೂ. ಮೊದಲನೆಯದು ಪಿನಿಯನ್ ಎಷ್ಟು ಒಳಗೆ ಹೋಗಬೇಕು ಅನ್ನುವುದು. ಒಳಗಿನ ಬೇರಿಂಗಿನ ಹಿಂದೆ ಇಡುವ ಶಿಮ್ಮಿನ, ಅಂದರೆ ತೆಳು ತಗಡಿನ ಬಿಲ್ಲೆಯ, ದಪ್ಪದಿಂದ ಅದು ತೀರ್ಮಾನ ಆಗುತ್ತದೆ. ಹಳೇ ಪಿನಿಯನ್ ಜತೆ ಇದ್ದ ಶಿಮ್ಮಿನಿಂದ ಶುರು ಮಾಡುತ್ತಾರೆ, ಪಿನಿಯನ್ನಿನ ಮುಖದ ಮೇಲೆ ಕೊರೆದ ಪ್ಲಸ್ ಅಥವಾ ಮೈನಸ್ ಸಂಖ್ಯೆ ನೋಡಿ ಕೂಡಿಸಿ ಕಳೆಯುತ್ತಾರೆ. ಎರಡನೆಯದು ಪಿನಿಯನ್ ಬೇರಿಂಗಿನ ಬಿಗಿತ. ಹೊಸ ಬೇರಿಂಗ್‌ಗೆ ಒಂದು ಅಳತೆ, ಓಡಿದ ಬೇರಿಂಗ್‌ಗೆ ಅದರ ಅರ್ಧದಷ್ಟು. ಹೊಸ ಗೇರ್ ಹಾಕುವಾಗ ಹಳೇ ಬೇರಿಂಗ್ ಇಡುವುದು ಜುಗ್ಗತನ, ಬೇಡ. ಮೂರನೆಯದು ಕ್ರೌನು ಮತ್ತು ಪಿನಿಯನ್ ಹಲ್ಲುಗಳ ನಡುವಿನ ಆಟ, ಅಂದರೆ ಸಡಿಲ. ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್, ಸೆಟ್ ಜತೆಗೆ ಬಂದ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಕ್ರೌನನ್ನು ತಿರುಗಿಸಿ ನಾಲ್ಕು ಕಡೆ ಅಳೆಯಬೇಕು. ಒಂದು ಕಡೆ ಸರಿ, ಇನ್ನೊಂದು ಕಡೆ ತುಂಬ ವ್ಯತ್ಯಾಸ ಇದ್ದರೆ ಕ್ರೌನು ನೆಟ್ಟಗೆ ಕೂತಿಲ್ಲ, ಅಡಿಯಲ್ಲಿ ಒಂದು ಚೂರು ಕಸ ಇದ್ದರೂ ಹೀಗಾಗುತ್ತದೆ.

ಇಷ್ಟೆಲ್ಲ ಅಳೆದ ಮೇಲೆ ಕೊನೆಯ ಮಾತು ಹಲ್ಲಿನದ್ದು. ಕ್ರೌನಿನ ಕೆಲವು ಹಲ್ಲಿಗೆ ಪ್ರಷ್ಯನ್ ಬ್ಲೂ ಅಥವಾ ಹಳದಿ ಪೇಸ್ಟ್ ಹಚ್ಚಿ, ಕ್ರೌನನ್ನು ಮರದ ತುಂಡಿನಿಂದ ಸ್ವಲ್ಪ ತಡೆದು ಹಿಡಿದು ಪಿನಿಯನ್ ತಿರುಗಿಸಿದರೆ ಎಲ್ಲಿ ತಾಗುತ್ತದೆ ಅಂತ ಗುರುತು ಬೀಳುತ್ತದೆ. ಆ ಗುರುತು ಹಲ್ಲಿನ ಎತ್ತರದ ನಡುಮಧ್ಯೆ ಇರಬೇಕು. ಹಲ್ಲಿನ ಬುಡದಲ್ಲಿ ಬಿದ್ದರೆ ಪಿನಿಯನ್ ಜಾಸ್ತಿ ಒಳಗೆ ಹೋಗಿದೆ, ತುದಿಯಲ್ಲಿ ಬಿದ್ದರೆ ಸಾಕಷ್ಟು ಒಳಗೆ ಹೋಗಿಲ್ಲ. ಶಿಮ್ ಬದಲಿಸಿ ಮತ್ತೆ ಕಟ್ಟಿ ಮತ್ತೆ ನೋಡಬೇಕು, ನಾಲ್ಕೈದು ಸಲ ಆದರೂ ಆಶ್ಚರ್ಯ ಇಲ್ಲ. ಬಿಚ್ಚುವಾಗ ಪ್ರತಿ ಸಲ ಬೇರಿಂಗ್ ಪ್ರೆಸ್ಸಿಗೆ ಒಯ್ಯುವುದು ತಪ್ಪಲಿ ಅಂತ ಬುದ್ಧಿವಂತ ಮೇಸ್ತ್ರಿಗಳು ಅದೇ ನಂಬರಿನ ಒಂದು ಹಳೇ ಬೇರಿಂಗಿನ ಒಳಗನ್ನು ಸ್ವಲ್ಪ ಉಜ್ಜಿ ಸಡಿಲ ಮಾಡಿಟ್ಟುಕೊಂಡಿರುತ್ತಾರೆ, ಅಂಥದ್ದು ಗ್ಯಾರೇಜಿನಲ್ಲಿ ಕಂಡರೆ ಕಣ್ಣು ಮುಚ್ಚಿ ಗಾಡಿ ಕೊಡಿ. ಹಲ್ಲಿಗೆ ಎರಡು ಬದಿ ಇದೆ, ಗಾಡಿ ಎಳೆಯುವಾಗ ತಾಗುವ ಬದಿ ಮತ್ತು ಇಳಿಜಾರಿನಲ್ಲಿ ಎಂಜಿನ್ ತಡೆಯುವಾಗ ತಾಗುವ ಬದಿ. ಜೀಪಿನ ಮುಂದಿನ ಆಕ್ಸಲ್‌ನಲ್ಲಿ ಪಿನಿಯನ್ ಕೆಳಗಡೆ ಇರುವ ನಮೂನೆಯಲ್ಲಿ ಇದು ತಿರುಗುಮುರುಗು. ಗಾಡಿ ಮುಂದೆ ಎಳೆಯುವಾಗಲೇ ಆ ಎರಡನೇ ಬದಿಯ ಮೇಲೆ ಭಾರ ಬೀಳುತ್ತದೆ. ತುಂಬ ಜನ ಮುಂದಿನದ್ದನ್ನು ಹಿಂದಿನದರ ಹಾಗೇ ನೋಡಿ ಮುಗಿಸುತ್ತಾರೆ. ಎರಡೂ ಬದಿಯ ಗುರುತಿನ ಫೋಟೋ ತೆಗೆದು ವಾಟ್ಸಾಪಿಗೆ ಕಳುಹಿಸಲು ಹೇಳಿ, ಮುಚ್ಚಳ ಹಾಕುವ ಮೊದಲು.

ಇಲ್ಲೇ ಒಂದು ಲೆಕ್ಕಾಚಾರ ಇದೆ. ಸ್ವಿಚ್ಚಿನ ಲಾಕರ್ ಹಾಕುವಾಗ ಕೇಸು ಬದಲಾಗುತ್ತದೆ, ಕ್ರೌನು ಬಿಚ್ಚಲೇಬೇಕು, ಆಟ ಹೊಸದಾಗಿ ಕೂರಿಸಲೇಬೇಕು. ಗೇರ್ ಬದಲಿಸುವಾಗಲೂ ಇದೇ ಕೆಲಸ. ಹಾಗಾಗಿ ಎರಡೂ ಬೇಕು ಅಂತ ತೀರ್ಮಾನ ಆದರೆ ಹಿಂದಿನ ಹೌಸಿಂಗ್ ಒಂದೇ ಸಲ ಬಿಚ್ಚಿಸಿ, ಕೂಲಿ ಎರಡು ಸಲ ಕೊಡಬೇಡಿ. ದುಡ್ಡು ಒಂದಕ್ಕೇ ಇದೆ ಅಂತಾದರೆ, ಚಕ್ರ ಸುತ್ತುವ ಕಾಯಿಲೆಯೇ ಹೌದಾದರೆ, ಹಿಂದಿನ ಲಾಕರ್ ಮಾತ್ರ ಹಾಕಿಸಿ 4.88ರಲ್ಲೇ ಓಡಿಸಿ. 31 ಇಂಚಿನ ಟೈರಿಗೆ 4.88 ಅಷ್ಟೇನೂ ಕೆಟ್ಟದ್ದಲ್ಲ.

ಗಾಳಿಯ ಲಾಕರ್ ಆದರೆ ಕಂಪ್ರೆಸರನ್ನು ಬಾನೆಟ್ ಒಳಗೆ ಎತ್ತರದಲ್ಲಿ ಇಡಿಸಿ. ಗಾಳಿಯ ಪೈಪು ಸೈಲೆನ್ಸರಿನಿಂದ ದೂರ ಇರಲಿ, ಹೌಸಿಂಗ್ ಮೇಲೆ ಕೆಳಗೆ ಆಡುವಾಗ ಎಳೆಯದ ಹಾಗೆ ಸ್ವಲ್ಪ ಸಡಿಲ ಬಿಡಲಿ. ಕಟ್ಟಿದ ಮೇಲೆ ಎಲ್ಲ ಜಾಯಿಂಟಿಗೂ ಸಾಬೂನು ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿ. ಕಂಪ್ರೆಸರ್ ಆಗಾಗ ತಾನಾಗಿ ಶುರುವಾಗುತ್ತಿದ್ದರೆ ಎಲ್ಲೋ ಗಾಳಿ ಹೋಗುತ್ತಿದೆ ಅಂತಲೇ ಲೆಕ್ಕ. ಲಾಕರ್ ಹಾಕುವುದು ಚಕ್ರ ಸುತ್ತುವ ಮೊದಲು, ಗಾಡಿ ನಿಂತಿರುವಾಗ ಅಥವಾ ತೆವಳುತ್ತಿರುವಾಗ. ಚಕ್ರ ಗರಗರ ಸುತ್ತುತ್ತಿರುವಾಗ ಸ್ವಿಚ್ ಒತ್ತಬಾರದು.

ಹೌಸಿಂಗ್ ಬಿಚ್ಚಿದಾಗ ಅದರ ಉಸಿರಾಟದ ಪೈಪು, ಬ್ರೀದರ್ ಅಂತೀವಲ್ಲ, ಅದನ್ನು ಉದ್ದ ಮಾಡಿ ಮೇಲಕ್ಕೆ ಕಟ್ಟಿಸಿ. ಓಡಿ ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲುಹಾಲಾಗಿ ಕಂಡರೆ ಅದೇ ಕಾರಣ, ತಡ ಮಾಡದೆ ಬದಲಿಸಿ. ಆಯಿಲ್ ಜಿಎಲ್-5 ದರ್ಜೆಯ 80ಡಬ್ಲ್ಯು-90 ಇರಲಿ. ಅಂಗಡಿಯಲ್ಲಿ ಇಪಿ 90 ಅಂತ ಕೇಳಿದರೆ ಕೊಡುತ್ತಾರೆ, ಆದರೆ ಡಬ್ಬಿಯ ಮೇಲೆ ಜಿಎಲ್-5 ಅಂತ ಇದೆಯಾ ಓದಿ. ಅದೇ ಆಯಿಲನ್ನು ಉಳಿದಿದೆ ಅಂತ ಗೇರ್‌ಬಾಕ್ಸಿಗೆ ಸುರಿಯಬೇಡಿ, ಅಲ್ಲಿಯ ಹಿತ್ತಾಳೆ ರಿಂಗುಗಳಿಗೆ ಜಿಎಲ್-4.

ಇನ್ನು ಆರ್‌ಟಿಒ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಆಮೇಲೆ ಕೇರಳದಲ್ಲಿ ತಪಾಸಣೆ ಬಿಗಿ, ಗಡಿ ದಾಟಿ ಕರ್ನಾಟಕದ ಜಾಲ್ಸೂರಿಗೆ ಹೋದರೂ ಕಾಯ್ದೆ ಒಂದೇ. ನಿಮ್ಮ ಗಾಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗೇರೂ ಅಲ್ಲ, ಲಾಕರೂ ಅಲ್ಲ, ಮಡ್‌ಗಾರ್ಡಿನಿಂದ ಹೊರಗೆ ಬಂದ ಟೈರು. ಅದು ಈಗಾಗಲೇ ಇದೆ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಅಪಘಾತ ಆದಾಗ ಇದೇ ನೆಪ ಹಿಡಿದು ಕ್ಲೇಮ್ ತಡೆಯಬಹುದು.

ಮಳೆಗಾಲಕ್ಕೆ ಮೊದಲು ಅಂದಿರಿ. ಹಾಗಾದರೆ ಮೇ ಕೊನೆಗೆ ಗಾಡಿ ಕೊಡಬೇಡಿ, ಮಾರ್ಚಿನ ಒಳಗೆ ಕೊಡಿ. ಹೊಸ ಕ್ರೌನ್ ಪಿನಿಯನ್ ಮೊದಲ ದಿನವೇ ಭಾರ ಹೊರುವುದಿಲ್ಲ. ಮೊದಲ ಸಲ ಇಪ್ಪತ್ತು ಮೂವತ್ತು ಕಿಲೋಮೀಟರ್ ನಿಧಾನ ಓಡಿಸಿ, ನಿಲ್ಲಿಸಿ, ಪೂರ್ತಿ ತಣಿಯಲು ಬಿಡಿ. ಹೀಗೆ ಎರಡು ಮೂರು ಸಲ. ಹೌಸಿಂಗ್ ಬೆಚ್ಚಗಾಗುವುದು ಸಹಜ, ಕೈಯಿಟ್ಟರೆ ಸುಡುವಷ್ಟಾದರೆ ಮತ್ತೆ ಗ್ಯಾರೇಜಿಗೆ. ಮೊದಲ 800 ಕಿಲೋಮೀಟರ್ ಲೋಡು ಬೇಡ, ಟ್ರೇಲರ್ ಬೇಡ, ಘಾಟಿ ಹತ್ತಿಸುವುದು ಬೇಡ. ಆ 800 ಆದ ಮೇಲೆ ಎರಡೂ ಹೌಸಿಂಗಿನ ಆಯಿಲ್ ಇಳಿಸಿ. ಇಳಿಸಿದ ಆಯಿಲಿನಲ್ಲಿ ಬೆಳ್ಳಿ ಪುಡಿಯಂಥದ್ದು ತೇಲಿದರೆ ಹೆದರಬೇಡಿ, ಹೊಸ ಹಲ್ಲು ಉಜ್ಜಿಕೊಂಡದ್ದು. ಕೈಗೆ ಸಿಗುವಂಥ ಚೂರು ಬಂದರೆ ಮಾತ್ರ ಬಿಚ್ಚಿಸಬೇಕು. ಆಕ್ಸಿಲರೇಟರ್ ಒತ್ತಿದಾಗ ಕುಂಯ್ ಅಂತ ಕೂಗುತ್ತಿದ್ದರೆ "ಓಡಿ ಓಡಿ ಸರಿಯಾಗುತ್ತದೆ" ಅನ್ನುವ ಮಾತಿಗೆ ತಲೆ ಆಡಿಸಬೇಡಿ, ಕೂಗುವ ಗೇರ್ ಓಡಿದಷ್ಟೂ ಜಾಸ್ತಿ ಕೂಗುತ್ತದೆ. ಆಗ ಆ ಫೋಟೋ ತೋರಿಸಿ ಅವರ ಕೈಯಲ್ಲೇ ಮತ್ತೆ ಬಿಚ್ಚಿಸಿ, ಜೂನಿಗೆ ಇನ್ನೂ ಸಮಯ ಇರುವಾಗಲೇ.